ಅಟ್ಟದ ಕೊಬ್ಬರಿ, ಭದ್ರಾವತಿಯ ಕಾಗದ: ಕಿಣ್ವದ ಕತೆ

ಹುಳಿಯಾರು ಬಸ್ ನಿಲ್ದಾಣದ ಯಾವ ಅಂಗಡಿಯಲ್ಲಾದರೂ ಕಂಪನಿಯ ಬ್ರೆಡ್ಡಿನದೋ ಬಿಸ್ಕತ್ತಿನದೋ ಒಂದು ಪೊಟ್ಟಣ ಕೊಂಡು ಹಿಂಬದಿ ತಿರುಗಿಸಿ ನೋಡಿ. ಸಣ್ಣ ಅಕ್ಷರಗಳ ನಡುವೆ ಹಲವು ಪೊಟ್ಟಣಗಳಲ್ಲಿ 1100 ಅಥವಾ 1101 ಎಂಬ ಸಂಖ್ಯೆ ಸಿಗುತ್ತದೆ. ಅದು ಬೆಲೆಯಲ್ಲ, ಬ್ಯಾಚ್ ನಂಬರೂ ಅಲ್ಲ. 1100 ಎಂದರೆ ಅಮೈಲೇಸ್, 1101 ಎಂದರೆ ಪ್ರೋಟಿಯೇಸ್. ಮೊದಲನೆಯದು ಹಿಟ್ಟಿನ ಪಿಷ್ಟವನ್ನು ತುಂಡರಿಸಿ ಬ್ರೆಡ್ಡು ಉಬ್ಬಲು ನೆರವಾಗುತ್ತದೆ. ಎರಡನೆಯದು ಗೋಧಿಯ ಅಂಟನ್ನು ಸಡಿಲಿಸಿ ಬಿಸ್ಕತ್ತನ್ನು ಗರಿಗರಿ ಮಾಡುತ್ತದೆ. ಎರಡೂ ಕಿಣ್ವಗಳು. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದ ಮೇಲೆ ಇವುಗಳ ಮೇಲಿನ ಅವಲಂಬನೆ ಇನ್ನೂ ಹೆಚ್ಚಿತು.

ಕಿಣ್ವ ಎಂದೊಡನೆ ಹೈಸ್ಕೂಲಿನ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ, ಜೊಲ್ಲು, ಜಠರ, ಜೀರ್ಣಕ್ರಿಯೆ ಇತ್ಯಾದಿ. ಆದರೆ ಈ ಪದ ಪಠ್ಯಪುಸ್ತಕದವರು ಹೊಸದಾಗಿ ಕಟ್ಟಿದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡದ ಮೇಲ್ವಿಚಾರಕನ ಕೆಲಸ ಹೇಳುವ ಅಧ್ಯಾಯವೊಂದಿದೆ. ಅಲ್ಲಿ 'ಕಿಣ್ವ' ಮಾಡುವ ಕ್ರಮ ಬರುತ್ತದೆ. ಉದ್ದಿನ ಹಿಟ್ಟು, ಅದಕ್ಕಿಂತ ಹೆಚ್ಚು ಅಕ್ಕಿ, ಜೊತೆಗೆ ಒಂದಿಷ್ಟು ಬೇರು ನಾರು. ಉದ್ದು ಮತ್ತು ಅಕ್ಕಿ! ನಮ್ಮ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟು ಬೆಳಿಗ್ಗೆ ಇಡ್ಲಿ ಹುಯ್ಯುವ ಹಿಟ್ಟಿನ ಜೋಡಿಯೇ ಅದು. ಹೆಂಡಕ್ಕೆ ಹುಳಿ ಬರಿಸುವ ಮುದ್ದೆಗೆ ಇದ್ದ ಹೆಸರನ್ನೇ ಕನ್ನಡದ ವಿಜ್ಞಾನ ಲೇಖಕರು 'ಎನ್‌ಝೈಮ್'ಗೆ ಒಪ್ಪಿಸಿದರು. 1877ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಆ ಹೆಸರು ಕಟ್ಟಿದಾಗ ಅವನೂ ಗ್ರೀಕ್ ಭಾಷೆಯ 'ಹುದುಗಿನೊಳಗೆ' ಎಂಬ ಅರ್ಥವನ್ನೇ ಇಟ್ಟುಕೊಂಡಿದ್ದ. ಎರಡೂ ಕಡೆ ಪದ ಹುಟ್ಟಿದ್ದು ಹುಳಿ ಬರುವ ಪಾತ್ರೆಯಲ್ಲೇ.

ಈ ಪದದ ಹಿಂದೆ ಬಿದ್ದ ನಮಗೆ ಕಂಡದ್ದು ಬರೀ ವಿಜ್ಞಾನವಲ್ಲ. ಪರಂಗಿ, ನೀಲಗಿರಿ, ತೆಂಗು ಈ ಮೂರು ಬೆಳೆಗಳ ಕತೆಯೂ ಅದರೊಳಗಿದೆ.

ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ

ಕಿಣ್ವ ಎಂದರೆ ಜೀವಕೋಶ ತನ್ನ ಕೆಲಸಕ್ಕೆಂದು ಮಾಡಿಕೊಳ್ಳುವ ಪ್ರೋಟೀನು. ಅದಕ್ಕೆ ಜೀವವಿಲ್ಲ, ಮರಿ ಹಾಕುವುದಿಲ್ಲ. ಆದರೆ ಒಂದೇ ಕೆಲಸವನ್ನು ಸುಸ್ತಿಲ್ಲದೆ ಮಾಡುತ್ತದೆ. ಪಿಷ್ಟ ಕತ್ತರಿಸುವುದು ಪಿಷ್ಟವನ್ನಷ್ಟೇ ಕತ್ತರಿಸುತ್ತದೆ, ಕೊಬ್ಬು ಕತ್ತರಿಸುವುದು ಕೊಬ್ಬನ್ನಷ್ಟೇ. ಕತ್ತರಿಸಿದ ಮೇಲೆ ತಾನು ಖರ್ಚಾಗದೆ ಮುಂದಿನದಕ್ಕೆ ಹೋಗುತ್ತದೆ. ಜಾಸ್ತಿ ಕಾಯಿಸಿದರೆ ಕೆಟ್ಟುಹೋಗುತ್ತದೆ. ಹಾಲು ಕಾಯಿಸಿಡುವುದು, ಹಪ್ಪಳ ಒಣಗಿಸಿಡುವುದು ಎಲ್ಲವೂ ಒಂದರ್ಥದಲ್ಲಿ ಬೇಡದ ಕಿಣ್ವಗಳ ಕೈಕಟ್ಟುವ ಉಪಾಯಗಳೇ.

ನಮ್ಮ ಕಡೆಯ ರಾಗಿಯನ್ನೇ ನೋಡಿ. ಹಸಿ ರಾಗಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಅದೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಗಂಜಿ ತೆಳ್ಳಗೆ ನಿಲ್ಲುತ್ತದೆ. ಮೊಳೆಯುವ ಕಾಳು ತನ್ನ ಸಸಿಗೆಂದು ಅಮೈಲೇಸ್ ಮಾಡಿಕೊಂಡಿರುತ್ತದೆ, ಅದು ಪಿಷ್ಟವನ್ನು ಕತ್ತರಿಸಿ ಸಿಹಿ ಮಾಡಿರುತ್ತದೆ. ಕೂಸಿಗೆ ಮೊಳಕೆ ರಾಗಿಯ ಸರಿ ತಿನ್ನಿಸುವ ಅಜ್ಜಿಯ ಲೆಕ್ಕ ಇದೇ. ಹೊಟ್ಟೆಗೆ ಹೆಚ್ಚು ಹಿಟ್ಟು ಹೋಗಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳಬಾರದು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ದೇಶಿಕಾಚಾರ್ ಮತ್ತು ಮಲ್ಲೇಶಿ ಅವರು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿದ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿ ಈ ಲೆಕ್ಕವನ್ನು ಅಳತೆಗೆ ತಂದರು.

ಪಿಷ್ಟ ಕತ್ತರಿಸುವ ಈ ಪದಾರ್ಥವನ್ನು ಮೊಳಕೆ ಬಾರ್ಲಿಯಿಂದ ಮೊದಲು ಬೇರ್ಪಡಿಸಿದ್ದು 1833ರಲ್ಲಿ, ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಕರುವಿನ ಜಠರದಿಂದ ಹಾಲು ಒಡೆಯುವ ರೆನೆಟ್ ತೆಗೆದು, ಇಷ್ಟು ಹಾಲಿಗೆ ಇಷ್ಟು ಎಂದು ಅಳತೆ ಗೊತ್ತುಮಾಡಿ ಚೀಸ್ ಮಾಡುವವರಿಗೆ ಮಾರಿದ. ಕಿಣ್ವ ಅಂಗಡಿಯ ಸರಕಾದದ್ದು ಹೀಗೆ. 1894ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ತಕಮಿನೆ ಜೋಕಿಚಿ ಒದ್ದೆ ಗೋಧಿ ಬೂಸದ ಮೇಲೆ ಬೂಷ್ಟು ಬೆಳೆಸಿ ಅದರಿಂದ ಅಮೈಲೇಸ್ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ ದೇಶದಲ್ಲಿ ಅಕ್ಕಿಯ ಹೆಂಡ ಮಾಡುವವರು ನೂರಾರು ವರ್ಷ ಮಾಡಿಕೊಂಡು ಬಂದ ಕೆಲಸ ಅದು. ಮೂರು ವರ್ಷದ ನಂತರ ಎಡ್ವರ್ಡ್ ಬುಕ್ನರ್ ಈಸ್ಟನ್ನು ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದ. ಹುದುಗಲು ಜೀವಿಯೇ ಬೇಕಿಲ್ಲ, ಅದರ ಕಿಣ್ವ ಸಾಕು. ಈ ಕೆಲಸಕ್ಕೆ 1907ರ ನೊಬೆಲ್ ಬಂತು.

ಪರಂಗಿ ಹಾಲಿನಿಂದ ಬಯೋಕಾನ್

ಕಬಾಬಿನ ಮಾಂಸಕ್ಕೆ ಹಸಿ ಪರಂಗಿಯನ್ನು ಅರೆದು ಹಚ್ಚುವುದು ನಮ್ಮ ಕಡೆಯ ಸಾಬರ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಪರಂಗಿ ಹಾಲಿನ ಪಪೈನ್ ಎಂಬ ಕಿಣ್ವ ಮಾಂಸದ ನಾರನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. ಇದೇ ಪಪೈನನ್ನು 1911ರಲ್ಲಿ ನ್ಯೂಯಾರ್ಕಿನ ಲಿಯೋ ವಾಲರ್‌ಸ್ಟೈನ್ ಬಿಯರಿಗೆ ಬಳಸುವ ಪೇಟೆಂಟ್ ಪಡೆದ. ತಣ್ಣಗೆ ಇಟ್ಟ ಬಿಯರು ಪ್ರೋಟೀನಿನಿಂದ ಮಬ್ಬಾಗುತ್ತಿತ್ತು, ಪಪೈನ್ ಹಾಕಿದರೆ ತಿಳಿಯಾಗಿ ಉಳಿಯಿತು. ಅಲ್ಲಿಂದ ಪರಂಗಿ ಹಾಲಿಗೆ ವಿದೇಶದಲ್ಲಿ ಬೆಲೆ ಬಂತು.

ಆ ಬೆಲೆ ಕರ್ನಾಟಕಕ್ಕೆ ತಲುಪಿದ್ದು ಒಬ್ಬ ಹೆಣ್ಣುಮಗಳ ಕೆಲಸ ತಪ್ಪಿದ್ದರಿಂದ. ಬೆಂಗಳೂರಿನ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆ ಕಲಿತು 1975ರಲ್ಲಿ ಬ್ರೂಮಾಸ್ಟರ್ ಆದರು. ಅವರ ತಂದೆಯೂ ಅದೇ ಕಸುಬಿನವರು. ಆದರೆ ಹೆಂಗಸಿಗೆ ಬಿಯರ್ ಕಾರ್ಖಾನೆಯ ಉಸ್ತುವಾರಿ ಕೊಡಲು ಇಲ್ಲಿ ಯಾರೂ ಸಿದ್ಧರಿರಲಿಲ್ಲ. ಆ ಹೊತ್ತಿಗೆ ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್‌ನ ಲೆಸ್ಲಿ ಆಕಿನ್‌ಕ್ಲಾಸ್‌ಗೆ ಭಾರತದಲ್ಲಿ ಒಬ್ಬ ಪಾಲುದಾರರು ಬೇಕಿದ್ದರು. 1978ರ ನವೆಂಬರಿನಲ್ಲಿ ಕೋರಮಂಗಲದ ಒಂದು ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಇಂಡಿಯಾ ಶುರುವಾಯಿತು. ವಿದೇಶಿ ಪಾಲು ಶೇ 30ಕ್ಕೆ ಮೀರುವಂತಿರಲಿಲ್ಲ. ಮೊದಲ ಸರಕುಗಳು ಎರಡು. ಒಂದು ಪಪೈನ್. ಇನ್ನೊಂದು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಇದು ಕಿಣ್ವವಲ್ಲ, ಬಿಯರಿನ ಕಲ್ಮಷವನ್ನು ತಳಕ್ಕೆ ಇಳಿಸುವ ಅಂಟು. ಮರುವರ್ಷವೇ ಇವು ಅಮೆರಿಕ, ಯುರೋಪಿಗೆ ಹಡಗು ಹತ್ತಿದವು.

ಪರಂಗಿ ಹಾಲು ತೆಗೆಯುವುದು ಸೂಕ್ಷ್ಮ ಕೆಲಸ. ಬಲಿತ ಹಸಿರು ಕಾಯಿಗೆ ಬೆಳ್ಳಂಬೆಳಿಗ್ಗೆ ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಗೀರಬೇಕು. ಗೀರು ಆಳವಾಗಬಾರದು. ತೊಟ್ಟಿಕ್ಕುವ ಬಿಳಿ ಹಾಲನ್ನು ಕೆಳಗೆ ಹಿಡಿದು ಬೇಗ ಒಣಗಿಸಬೇಕು, ತಡವಾದರೆ ಕಿಣ್ವದ ಕಸುವು ಹೋಗುತ್ತದೆ. ಕೆಲವು ದಿನ ಬಿಟ್ಟು ಅದೇ ಕಾಯಿಗೆ ಮತ್ತೆ ಗೀರು. ಹಾಲು ಮೈಗೆ ತಗುಲಿದರೆ ಉರಿ, ಏಕೆಂದರೆ ಅದು ನಮ್ಮ ಚರ್ಮವನ್ನೂ ಮಾಂಸವೆಂದೇ ತಿಳಿಯುತ್ತದೆ. ಗೀರುವವರಿಗೆ ಸಿಗುವುದು ಹಾಲಿನ ತೂಕಕ್ಕೆ ದುಡ್ಡು. ಅದರೊಳಗಿನ ಕಿಣ್ವದ ಬಲ ಅಳೆದು ಬೆಲೆ ಕಟ್ಟುವುದು ಅಳೆಯುವ ಯಂತ್ರ ಇದ್ದವರು.

ಕಂಪನಿ ಪರಂಗಿಯಲ್ಲೇ ನಿಲ್ಲಲಿಲ್ಲ. ಬೂಷ್ಟಿಗೆ ಮಳೆ ಬೇಕಿಲ್ಲ, ತೋಟ ಬೇಕಿಲ್ಲ, ಬೂಸದ ತಟ್ಟೆಯಲ್ಲಿ ಕೆಲವೇ ದಿನಕ್ಕೆ ಬೆಳೆಯುತ್ತದೆ. ತಕಮಿನೆಯ ಆ ಹಳೆ ದಾರಿಯನ್ನೇ ಹೊಸ ಯಂತ್ರಗಳಿಗೆ ಹೊಂದಿಸಿ 1990ರ ಹೊತ್ತಿಗೆ ಬಯೋಕಾನ್ ದೊಡ್ಡ ಪ್ರಮಾಣದಲ್ಲಿ ಕಿಣ್ವ ತೆಗೆಯತೊಡಗಿತು. ಘನ ಮಾಧ್ಯಮದ ಈ ಹುದುಗುವಿಕೆಯ ಮೇಲೆ ಸಿಎಫ್‌ಟಿಆರ್‌ಐನಲ್ಲಿ ಬಿ.ಕೆ. ಲೋನ್ಸಾನೆ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯನ್ನು ಹೊರದೇಶದವರೂ ಇಂದಿಗೂ ಉಲ್ಲೇಖಿಸುತ್ತಾರೆ. ಇತ್ತ 1989ರಲ್ಲಿ ಐರ್ಲೆಂಡಿನ ಮೂಲ ಕಂಪನಿಯನ್ನು ಯೂನಿಲಿವರ್ ಕೊಂಡಿತು. 1998ರಲ್ಲಿ ಆ ಪಾಲು ಮತ್ತೆ ಕಿರಣ್ ಮಜುಂದಾರ್ ಷಾ ದಂಪತಿಯ ಕೈಗೆ ಬಂತು. 2007ರಲ್ಲಿ ಬಯೋಕಾನ್ ತನ್ನ ಕಿಣ್ವ ವ್ಯವಹಾರವನ್ನೇ ಸುಮಾರು 11.5 ಕೋಟಿ ಡಾಲರಿಗೆ ಡೆನ್ಮಾರ್ಕಿನ ನೋವೋಝೈಮ್ಸ್‌ಗೆ ಮಾರಿ ಔಷಧದ ಕಡೆ ಪೂರ್ತಿ ಹೊರಳಿತು. ಬೂಷ್ಟು ಬೆಳೆಸಿ ಕಲಿತ ಕೈಚಳಕವೇ ಅದಕ್ಕೆ ಔಷಧದಲ್ಲೂ ನೆರವಾಯಿತು. ನೋವೋಝೈಮ್ಸ್ 2024ರಲ್ಲಿ ಆ ಹಳೆಯ ಹ್ಯಾನ್ಸನ್ ಕಂಪನಿಯ ಜೊತೆ ಸೇರಿ ನೋವೋನೆಸಿಸ್ ಆಯಿತು. 1874ರ ಕರುವಿನ ಜಠರವೂ 1978ರ ಪರಂಗಿ ಹಾಲೂ ಹೀಗೆ ಒಂದೇ ಮನೆ ಸೇರಿದವು.

ಕಂಪನಿ ಬೆಳೆದದ್ದು ತಪ್ಪಲ್ಲ. ನಾವು ಗಮನಿಸಬೇಕಾದ್ದು ಬೇರೆ. ಬೆಳೆ ಕೊಟ್ಟವನ ಕೈಯಲ್ಲಿ ಉಳಿದದ್ದು ಒಂದು ಹಂಗಾಮಿನ ದುಡ್ಡು. ವಿದ್ಯೆ ಕಲಿತವರ ಕೈಯಲ್ಲಿ ಉಳಿದದ್ದು ಮುಂದಿನ ನಲವತ್ತು ವರ್ಷದ ದಾರಿ.

ನೀಲಗಿರಿ ಕಿತ್ತವರು ಮತ್ತು ಬಿಳಿ ಕಾಗದ

ನಮ್ಮಂಥ ಪತ್ರಿಕೆಯವರಿಗೆ ಕಾಗದ ಅನ್ನ. ಆದರೆ ಅದು ಬಿಳಿಯಾಗುವುದು ಹೇಗೆಂದು ಬಾತ್ಮೀದಾರರು ಕೇಳುವುದು ಕಮ್ಮಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಂತು. 1972ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ರೇಯಾನಿಗೆ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಭದ್ರಾವತಿಯ ಎಂಪಿಎಂ 1977ರಲ್ಲಿ ಸರ್ಕಾರಿ ಕಂಪನಿಯಾಗಿ 1981ರಿಂದ ಸುದ್ದಿಕಾಗದ ಮಾಡಿತು. ಬಿದಿರು ಮುಗಿಯುತ್ತ ಬಂದಂತೆ ಎಲ್ಲರ ಕಣ್ಣು ನೀಲಗಿರಿ ಮೇಲೆ ಬಿತ್ತು.

ಆ ಕಣ್ಣು ನಮ್ಮ ಬಯಲುಸೀಮೆಗೂ ಬಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಬಂತು. 1983ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ನಾಲ್ಕು ವರ್ಷದ ಬಳಿಕ, 1987ರ ನವೆಂಬರ್ 14ರಂದು, ಹಾವೇರಿ ಕಡೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಹಳ್ಳಿಗರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕೀಳುವುದು, ಊರಿಗೆ ಬೇಕಾದ ಮರ ಹಚ್ಚುವುದು. ಗೋಮಾಳಗಳನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ತುಂಗಭದ್ರೆಯ ನೀರು ಕೆಟ್ಟು ಮೀನು ಸಾಯುತ್ತಿವೆ ಎಂಬ ನದಿದಡದ ಹಳ್ಳಿಗಳ ದೂರು ಈ ಚಳವಳಿಯ ಇನ್ನೊಂದು ಕೈ.

ಕಿಣ್ವ ಇಲ್ಲಿಗೆ ಬರುವುದು ಹೀಗೆ. ಮರದಲ್ಲಿ ಬಿಳಿ ನಾರಿನ ಜೊತೆ ಲಿಗ್ನಿನ್ ಎಂಬ ಕಂದು ಅಂಟು ಇರುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ಕ್ಲೋರಿನ್ ಹಾಕಿ ತೆಗೆಯುವುದು ಆಗಿನ ರೂಢಿ. ಕ್ಲೋರಿನ್ ಮತ್ತು ಲಿಗ್ನಿನ್ ಸೇರಿದರೆ ಹುಟ್ಟುವ ಪದಾರ್ಥಗಳಲ್ಲಿ ಹಲವು ವಿಷ, ಬೇಗ ಕೊಳೆಯುವುದೂ ಇಲ್ಲ. ಅವೆಲ್ಲ ತೊಳೆದ ನೀರಿನ ಜೊತೆ ಹೊರಗೆ ಹೋಗುತ್ತವೆ. 1986ರಲ್ಲಿ ಫಿನ್ಲೆಂಡಿನ ಲೀಸಾ ವೀಕಾರಿ ಮತ್ತು ಸಂಗಡಿಗರು ಬೇರೊಂದು ದಾರಿ ತೋರಿಸಿದರು. ಬೇಯುವಾಗ ಕರಗಿದ ಝೈಲಾನ್ ಎಂಬ ಪದಾರ್ಥ ಮತ್ತೆ ನಾರಿನ ಮೇಲೆ ಪದರವಾಗಿ ಕೂತು ಲಿಗ್ನಿನ್ನನ್ನು ಮುಚ್ಚಿಕೊಳ್ಳುತ್ತದೆ. ಬಿಳಿಚುವ ಮುನ್ನ ಝೈಲನೇಸ್ ಕಿಣ್ವ ಹಾಕಿದರೆ ಆ ಪದರ ಹರಿಯುತ್ತದೆ, ಕಡಿಮೆ ಕ್ಲೋರಿನ್ನಿನಲ್ಲಿ ಕೆಲಸ ಮುಗಿಯುತ್ತದೆ. ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಉಳಿತಾಯ. ಸಹಾರನ್‌ಪುರದ ಕೇಂದ್ರೀಯ ಕಾಗದ ಸಂಶೋಧನಾ ಸಂಸ್ಥೆಯೂ ಇದನ್ನು ಪರೀಕ್ಷೆ ಮಾಡಿತು.

ಕಾಗದದಲ್ಲಿ ಕಿಣ್ವದ ಕೆಲಸ ಇನ್ನೂ ಇದೆ. ಹಾಳೆಗೆ ಬಳಿಯುವ ಮೆಕ್ಕೆಜೋಳದ ಗಂಜಿಯನ್ನು ಅಮೈಲೇಸ್ ತೆಳು ಮಾಡುತ್ತದೆ, ಅಜ್ಜಿಯ ರಾಗಿ ಸರಿಯ ಹಾಗೆಯೇ. ಹಳೆ ಪೇಪರಿನ ಶಾಯಿ ಬಿಡಿಸಲು ಸೆಲ್ಯುಲೇಸ್ ನೆರವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರ ಹತ್ತಿಯ ಡೇರೆಗಳನ್ನು ಕೊಳೆಸಿದ ಬೂಷ್ಟೊಂದರಿಂದ ಈ ಕಿಣ್ವದ ಉದ್ಯಮ ಬೆಳೆಯಿತು. ಪೈನ್ ಮರದ ತಿರುಳಿನ ಜಿಡ್ಡು ಯಂತ್ರಕ್ಕೆ ಮೆತ್ತಿಕೊಂಡು ಹಾಳೆಯಲ್ಲಿ ತೂತು ಬೀಳುತ್ತಿದ್ದುದನ್ನು ಜಪಾನಿನವರು 1990ರ ಸುಮಾರಿಗೆ ಲೈಪೇಸ್ ಹಾಕಿ ತಡೆದರು. ಲೈಪೇಸ್ ಎಂದರೆ ಕೊಬ್ಬು ಕತ್ತರಿಸುವ ಕಿಣ್ವ. ಈ ಹೆಸರು ನೆನಪಿರಲಿ.

ಕಿಣ್ವ ನೀಲಗಿರಿಯ ಜಗಳವನ್ನು ಬಗೆಹರಿಸಲಿಲ್ಲ. ಯಾರ ನೆಲದಲ್ಲಿ ಏನು ಬೆಳೆಯಬೇಕು ಎಂಬುದನ್ನು ಯಾವ ಪ್ರೋಟೀನೂ ತೀರ್ಮಾನಿಸಲಾರದು. ಆದರೆ ನದಿಗೆ ವಿಷ ಬಿಡದೆ ಕಾಗದ ಆಗುವುದೇ ಇಲ್ಲ ಎಂಬ ಮಾತಿಗೆ ಅದು ಉತ್ತರ ಕೊಟ್ಟಿತು. ಎಂಪಿಎಂ ಅಂತೂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು.

ಅಟ್ಟದ ಮೇಲಿನ ಲೈಪೇಸ್

ಈಗ ನಮ್ಮ ಮನೆಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆ ಕಟ್ಟುವಾಗಲೇ ಅಟ್ಟದ ಲೆಕ್ಕ ಹಾಕುತ್ತಾರೆ. ಬಲಿತ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅಂದರೆ ಉಂಡೆ ಕೊಬ್ಬರಿ. ಬ್ಯಾಂಕು ಇಲ್ಲದ ಕಾಲದಿಂದ ನಮ್ಮವರ ಉಳಿತಾಯ ಖಾತೆ ಅದು. ಮಗಳ ಮದುವೆ, ಮಗನ ಫೀಸು, ಬೋರ್‌ವೆಲ್ ಎಲ್ಲವೂ ಅಟ್ಟದಿಂದಲೇ ಇಳಿಯಬೇಕು.

ಕೊಬ್ಬರಿಯಲ್ಲಿ ಶೇ 60ಕ್ಕೂ ಹೆಚ್ಚು ಎಣ್ಣೆ. ತೇವ ಶೇ 7ರ ಒಳಗಿದ್ದರೆ ಅದು ಉಳಿಯುತ್ತದೆ. ಮಳೆಗಾಲದ ಥಂಡಿ ತಗುಲಿದರೆ, ಸರಿಯಾಗಿ ಆರದೆ ಸುಲಿದರೆ, ಬೂಷ್ಟು ಬರುತ್ತದೆ. ಬೂಷ್ಟು ಲೈಪೇಸ್ ಬಿಡುತ್ತದೆ. ಲೈಪೇಸ್ ಎಣ್ಣೆಯನ್ನು ಕತ್ತರಿಸಿ ಕೊಬ್ಬಿನಾಮ್ಲಗಳನ್ನು ಬೇರೆ ಮಾಡುತ್ತದೆ. ಬಾಯಿಗಿಟ್ಟರೆ ಸೋಪಿನ ರುಚಿ. ಇದನ್ನೇ ನಾವು ಕೌಟು ಎನ್ನುವುದು. ಹರಾಜಿನಲ್ಲಿ ವರ್ತಕ ಒಂದು ಉಂಡೆ ಒಡೆದು ಮೂಸಿ ನೋಡಿ ಮುಖ ಸಿಂಡರಿಸಿದರೆ ಇಡೀ ಚೀಲದ ಬೆಲೆ ಇಳಿಯಿತು. ಜಪಾನಿನ ಕಾಗದದ ಗಿರಣಿಗೆ ದುಡ್ಡು ಉಳಿಸಿದ ಕಿಣ್ವ ಚಿಕ್ಕನಾಯಕನಹಳ್ಳಿಯ ರೈತನ ದುಡ್ಡು ತಿನ್ನುತ್ತದೆ. ಕಿಣ್ವಕ್ಕೆ ಪಕ್ಷಪಾತವಿಲ್ಲ, ಯಾರ ಹತೋಟಿಯಲ್ಲಿದೆಯೋ ಅವರಿಗೆ ದುಡಿಯುತ್ತದೆ.

ನೀರಾ ಕತೆಯೂ ಅಷ್ಟೇ. ಹೊಂಬಾಳೆಯಿಂದ ಇಳಿಯುವ ಸಿಹಿ ರಸ ಕೆಲವೇ ಗಂಟೆಯಲ್ಲಿ ಈಸ್ಟಿನ ಕಿಣ್ವಗಳಿಂದ ಹುಳಿ ಹೆಂಡವಾಗುತ್ತದೆ. ನುಸಿ ಪೀಡೆಯಿಂದ ತೆಂಗು ನೆಲಕಚ್ಚಿದ್ದ ದಿನಗಳಲ್ಲಿ ರೈತರು ನೀರಾ ಇಳಿಸುವ ಹಕ್ಕು ಕೇಳಿದರು. ಅಬಕಾರಿ ಕಾನೂನು ಒಪ್ಪಲಿಲ್ಲ. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ಮೇಲೆ ಗೋಲಿಬಾರು ನಡೆದು ಇಬ್ಬರು ಸತ್ತರು. ಸಿಹಿಗೂ ಹುಳಿಗೂ ನಡುವಿನ ಕೆಲವು ಗಂಟೆಗಳ ಅಂತರ ಕಾನೂನಿನ ಪ್ರಶ್ನೆಯಾಗಿ, ಜೀವದ ಪ್ರಶ್ನೆಯಾಯಿತು. ಮುಂದೆ ಕಾಸರಗೋಡಿನ ಸಿಪಿಸಿಆರ್‌ಐ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಮರಕ್ಕೇ ಕಟ್ಟಿ, ತಣ್ಣಗಿರುವಾಗಲೇ ರಸ ಹಿಡಿಯುವ ವಿಧಾನ ಮಾಡಿ ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟಿತು. ಥಂಡಿಯಲ್ಲಿ ಕಿಣ್ವ ಮಂಕಾಗುತ್ತದೆ, ರಸ ಸಿಹಿಯಾಗಿಯೇ ಕೆಳಗಿಳಿಯುತ್ತದೆ. ಬಂದೂಕಿನವರೆಗೆ ಹೋದ ಜಗಳದ ಒಂದು ಭಾಗಕ್ಕೆ ಮಂಜುಗಡ್ಡೆಯ ಪೆಟ್ಟಿಗೆ ಉತ್ತರವಾಗಬಹುದಿತ್ತು.

ಹಸಿ ಕಾಯಿಯ ಹಾಲಿನಿಂದ ನೇರವಾಗಿ ಎಣ್ಣೆ ತೆಗೆಯಲೂ ಕಿಣ್ವ ಬರುತ್ತದೆ. ಕಾಯಿಹಾಲಿನಲ್ಲಿ ಎಣ್ಣೆಯ ಹನಿಗಳನ್ನು ಪ್ರೋಟೀನಿನ ಪೊರೆ ಹಿಡಿದಿಟ್ಟಿರುತ್ತದೆ. ಪ್ರೋಟಿಯೇಸ್ ಆ ಪೊರೆ ಕತ್ತರಿಸಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಕಿಣ್ವ ಹಾಕಿ, ಆಮೇಲೆ ತಣಿಸಿ ಕರಗಿಸಿದರೆ ಇಳುವರಿ ಚೆನ್ನಾಗಿ ಬರುತ್ತದೆಂದು ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಅಟ್ಟವೂ ಬೇಡ, ವರ್ಷ ಕಾಯುವುದೂ ಬೇಡ. ಎಣ್ಣೆ ತೆಗೆದ ಹಿಂಡಿಯಲ್ಲಿರುವ ಮನ್ನಾನ್ ಎಂಬ ನಾರು ಕೋಳಿಗೆ ಅರಗುವುದಿಲ್ಲ, ಮನ್ನನೇಸ್ ಕಿಣ್ವ ಬೆರೆಸಿದರೆ ಅರಗುತ್ತದೆ. ಮೊಳಕೆ ಬಂದ ತೆಂಗಿನಕಾಯಿ ಒಡೆದಾಗ ಸಿಗುವ ಸ್ಪಂಜಿನಂಥ ಸಿಹಿ ಗುಂಡನ್ನು ಚಿಕ್ಕವರಿದ್ದಾಗ ಎಲ್ಲರೂ ಕಿತ್ತಾಡಿ ತಿಂದಿರುತ್ತೇವೆ. ಆ ಗುಂಡು ಸಸಿಗಾಗಿ ಮಾಡುತ್ತಿದ್ದುದೂ ಇದೇ ಕೆಲಸ, ತಿರುಳನ್ನು ಕಿಣ್ವಗಳಿಂದ ಕರಗಿಸಿ ಹೀರುವುದು.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಕುಸಿದಿತ್ತು. ನಾಫೆಡ್ ನೋಂದಣಿಗೆ ರೈತರು ಸಾಲು ನಿಂತರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು, ಆಗ ಅನೇಕರ ಅಟ್ಟ ಖಾಲಿ. ಬೆಲೆ ಇಳಿದಾಗ ಮಾರುವುದು, ಏರಿದಾಗ ನೋಡುವುದು, ಒಂದೇ ರೂಪದಲ್ಲಿ ಮಾರುವ ಬೆಳೆಗಾರನ ಹಣೆಬರಹ ಇದು. ಕಾಯಿಯನ್ನು ಹಾಲಾಗಿ, ಎಣ್ಣೆಯಾಗಿ, ರಸವಾಗಿ, ಹಿಂಡಿಯಾಗಿ ಮಾರಬಲ್ಲವನಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದಿರುತ್ತದೆ.

ಮೈಸೂರಿನ ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಕಾಸರಗೋಡಿನ ಕೇಂದ್ರದ ಬೇರು 1916ರ ತೆಂಗು ಸಂಶೋಧನಾ ಕೇಂದ್ರದಲ್ಲಿದೆ. ಎರಡೂ ನಮ್ಮ ತೆರಿಗೆಯ ದುಡ್ಡಿನಲ್ಲಿ ನಡೆಯುತ್ತವೆ. ಹುಳಿಯಾರಿನಿಂದ ಮೈಸೂರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಹೋಬಳಿಗೊಂದು ತೇವ ಅಳೆಯುವ ಯಂತ್ರ, ರೈತ ಉತ್ಪಾದಕ ಕಂಪನಿಗಳ ಹುಡುಗರಿಗೆ ಆ ಎರಡು ಕಡೆ ಒಂದೊಂದು ತಿಂಗಳ ತರಬೇತಿ, ಎಪಿಎಂಸಿ ಆವರಣದಲ್ಲಿ ಕಾಯಿಹಾಲಿನ ಒಂದು ಸಣ್ಣ ಘಟಕ. ಕೇಳುವುದಿಷ್ಟು ದೊಡ್ಡ ಬೇಡಿಕೆಯೇನಲ್ಲ. ಮುಂದಿನ ಸಲ ಬೆಂಬಲ ಬೆಲೆಯ ಮನವಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುವ ಸಂಘದವರು ಅದೇ ಮನವಿಯ ಕೆಳಗೆ ಈ ಮೂರನ್ನೂ ಬರೆದುಕೊಂಡು ಹೋಗಲಿ. ಬರೆದುಕೊಡಲು ನಾವು ಸಿದ್ಧ.